ರೆಕಾರ್ಡ್ ಕೊರೆಯುವಾಗ ಎಳೆ ಒಳಗೆ ಹೋಗದೆ ಸೂಜಿಗೆ ಸಿಕ್ಕಿಕೊಳ್ಳುತ್ತಿದೆ

ಪ್ರಶ್ನೆ:

ನಮಸ್ಕಾರ. ಪಿವಿಸಿ ತಟ್ಟೆಗಳ ಮೇಲೆ ವಜ್ರದ ಸೂಜಿಯಿಂದ ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಕೊರೆಯುತ್ತಿದ್ದೇನೆ. ಸೂಜಿಯ ಬಳಿ 4 ಮಿ.ಮೀ. ಒಳವ್ಯಾಸದ ಚಿಕ್ಕ ನಳಿಕೆ ಇದೆ. ಅದಕ್ಕೆ 32 ಮಿ.ಮೀ. ಕೊಳವೆ ಜೋಡಿಸಿದ್ದೇನೆ. ಅದು ಗಾಜಿನ ಜಾಡಿಗೂ ಅಲ್ಲಿಂದ ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರಿಗೂ ಹೋಗುತ್ತದೆ. ಕೊರೆದಂತೆ ತಟ್ಟೆಯಿಂದ ಏಳುವ ಪಿವಿಸಿಯ ಎಳೆಯನ್ನು ಹೀರಿ ತೆಗೆಯಲು ಈ ಏರ್ಪಾಡು. ಮೊದಲ ಕೆಲವು ನಿಮಿಷ ಎಳೆ ಸರಾಗವಾಗಿ ಒಳಹೋಗುತ್ತದೆ. ಆಮೇಲೆ ಒಮ್ಮೆಲೇ ನಿಂತು, ಸೂಜಿಯ ಕೆಳಗೆ ಸಿಕ್ಕಿಕೊಂಡು ತೋಡನ್ನು ಹಾಳುಮಾಡುತ್ತದೆ. ಕ್ಲೀನರಿನ ಶಕ್ತಿ ಹೆಚ್ಚಿಸಿದರೆ ರೆಕಾರ್ಡಿನಲ್ಲಿ ಸುಯ್ ಎನ್ನುವ ಸದ್ದು ಸೇರಿಕೊಳ್ಳುತ್ತದೆ, ತೊಂದರೆ ಮಾತ್ರ ಹಾಗೆಯೇ ಉಳಿಯುತ್ತದೆ. ಇನ್ನೂ ದೊಡ್ಡ ಕ್ಲೀನರ್ ಬೇಕೇ?

ಉತ್ತರ 1:

ದಯವಿಟ್ಟು ದೊಡ್ಡ ಕ್ಲೀನರ್ ಕೊಳ್ಳಬೇಡಿ. ತೊಂದರೆ ಇರುವುದು ನಳಿಕೆ ಮುಗಿದು ಕೊಳವೆ ಶುರುವಾಗುವ ಆ ಜೋಡಣೆಯಲ್ಲಿ. ವ್ಯಾಸ 4 ಮಿ.ಮೀ.ಯಿಂದ 32ಕ್ಕೆ ಏರಿದರೆ ಅಡ್ಡಕೊಯ್ತದ ವಿಸ್ತೀರ್ಣ 64 ಪಟ್ಟಾಗುತ್ತದೆ, ಗಾಳಿಯ ವೇಗ ಅಷ್ಟೇ ಪಟ್ಟು ಇಳಿಯುತ್ತದೆ. ನಳಿಕೆಯಲ್ಲಿ ಸೆಕೆಂಡಿಗೆ 40 ಮೀಟರ್ ವೇಗವಿದ್ದ ಗಾಳಿ ಕೊಳವೆಗೆ ಬರುವಷ್ಟರಲ್ಲಿ 0.6 ಮೀಟರಿಗೆ ಬಂದಿರುತ್ತದೆ. ಹನ್ನೆರಡು ಇಂಚಿನ ತಟ್ಟೆಯ ಹೊರಅಂಚಿನಲ್ಲಿ ನಿಮ್ಮ ಎಳೆ ಹುಟ್ಟುವುದೇ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ. ಅದನ್ನು ಎಳೆದು ಮುಂದೆ ಸಾಗಿಸುವ ಬಲ ಆ ಗಾಳಿಗಿಲ್ಲ. ಎಳೆ ಅಲ್ಲಿಯೇ ಉಂಡೆಗಟ್ಟುತ್ತದೆ, ಉಂಡೆ ಬೆಳೆದು ನಳಿಕೆಯ ಬಾಯಿ ಮುಚ್ಚುತ್ತದೆ. ಇಪ್ಪತ್ತು ನಿಮಿಷದ ಒಂದು ಬದಿಯಲ್ಲಿ ಕೊರೆದುಬರುವ ಎಳೆಯ ಉದ್ದ 400 ಮೀಟರಿಗೂ ಹೆಚ್ಚು. ಉಂಡೆ ಬಾಯಿ ಮುಚ್ಚುವಷ್ಟು ಬೆಳೆಯಲು ಸ್ವಲ್ಪ ಹೊತ್ತು ಬೇಕು, ಮೊದಲ ಕೆಲವು ನಿಮಿಷ ಎಲ್ಲವೂ ಸರಿಯಾಗಿ ಕಾಣುವುದು ಇದರಿಂದಲೇ.

ಜಾಡಿಯನ್ನು ಯಂತ್ರದ ಹತ್ತಿರಕ್ಕೆ ತನ್ನಿ. ಸೂಜಿಯಿಂದ ಜಾಡಿಯವರೆಗೂ ಸಣ್ಣ ವ್ಯಾಸವೇ ಇರಲಿ. ಒಳಗೆ ಎಲ್ಲಿಯೂ ಮೆಟ್ಟಿಲಿನಂಥ ಅಂಚಾಗಲಿ ಚೂಪಾದ ತಿರುವಾಗಲಿ ಬೇಡ. ಅಗಲವಾದ ಕೊಳವೆ ಜಾಡಿಯಿಂದ ಆಚೆಗೆ ಮಾತ್ರ. ವೇಗ ಇಳಿಯಬೇಕಾದ ಜಾಗ ಜಾಡಿ, ಎಳೆ ಅಲ್ಲಿಯೇ ಬಿದ್ದು ಉಳಿಯುತ್ತದೆ. ಕೊರೆಯುವ ಮೊದಲು ಹೊಲಿಗೆ ದಾರವನ್ನು ನಳಿಕೆಯ ಬಾಯಿಗೆ ಕೊಟ್ಟು ಬಿಡುತ್ತಾ ಹೋಗಿ. ಅದು ತಡೆಯಿಲ್ಲದೆ ಜಾಡಿಯ ತನಕ ಓಡಿದರೆ ದಾರಿ ಸರಿಯಿದೆ ಎಂದು ತಿಳಿಯಬಹುದು.

ಜಾಡಿಗೂ ಕ್ಲೀನರಿಗೂ ನಡುವೆ ಹೊರಗಾಳಿ ಒಳಬರುವಂತೆ ಒಂದು ರಂಧ್ರವನ್ನೂ ಅದನ್ನು ಹಿಗ್ಗಿಸಿ ಕುಗ್ಗಿಸುವ ಮುಚ್ಚಳವನ್ನೂ ಇಡಿ. ಸುಯ್ ಸದ್ದು ನಿಲ್ಲುವವರೆಗೆ ಹೀರುವ ಬಲವನ್ನು ಅದರಿಂದ ಇಳಿಸಬಹುದು. ಇಂಥ ಹಲವು ಕ್ಲೀನರುಗಳ ಮೋಟಾರು ತಣ್ಣಗಾಗುವುದು ತಾನು ಹೀರುವ ಗಾಳಿಯಿಂದಲೇ. 4 ಮಿ.ಮೀ. ಬಾಯಿಯಿಂದ ಮಾತ್ರ ಉಸಿರಾಡಿದರೆ ಅದು ಬಿಸಿಯಾಗಿ ಕೆಡುತ್ತದೆ.

ಉತ್ತರ 2:

ಮೇಲಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ನಳಿಕೆಯ ಬಾಯಿ ಎಲ್ಲಿದೆ ಎಂಬುದನ್ನೂ ನೋಡಿಕೊಳ್ಳಿ. ಎಳೆ ಸೂಜಿಯ ಕತ್ತರಿಸುವ ಮುಖದ ಮೇಲೇರಿ ಹೊರಬರುತ್ತದೆ, ಬಾಯಿ ಆ ಬದಿಯಲ್ಲಿ, ಕೆಲವೇ ಮಿ.ಮೀ. ದೂರದಲ್ಲಿರಬೇಕು. ಹೊರಗಿನಿಂದ ಒಳಕ್ಕೆ ಕೊರೆಯುವಾಗ ತಪ್ಪಿಸಿಕೊಂಡ ಎಳೆ ಕೇಂದ್ರದ ಕಡೆಗೆ ಸರಿಯುತ್ತದೆ. ಸೂಜಿ ಮುಂದೆ ಬರಬೇಕಾದ ದಾರಿಯೂ ಅದೇ. ಹಿಂದೆ 16 ಇಂಚಿನ ರೇಡಿಯೋ ಪ್ರಸಾರದ ತಟ್ಟೆಗಳನ್ನು ಒಳಗಿನಿಂದ ಹೊರಕ್ಕೆ ಕೊರೆಯುವ ರೂಢಿ ಇದ್ದುದಕ್ಕೆ ಇದೂ ಒಂದು ಕಾರಣ.

ಪಿವಿಸಿ ಎಂದರೆ ಸ್ಥಿರ ವಿದ್ಯುತ್ತಿನ ಕಾಟ ಇದ್ದದ್ದೇ. ಒಣ ಹವೆಯಲ್ಲಿ ಎಳೆ ತಟ್ಟೆಗೆ ಅಂಟಿಕೊಂಡು ಗಾಳಿಗೆ ಜಗ್ಗುವುದಿಲ್ಲ. ಲೋಹದ ನಳಿಕೆ ಹಾಕಿ ಅದನ್ನು ಭೂಸಂಪರ್ಕಕ್ಕೆ ಜೋಡಿಸಿ, ಕೋಣೆಯ ತೇವಾಂಶ ತೀರಾ ಕಡಿಮೆಯಾಗದಂತೆ ನೋಡಿಕೊಳ್ಳಿ.

ನಳಿಕೆಯನ್ನು ಸೂಜಿ ಹಿಡಿದಿರುವ ಕಟಿಂಗ್ ಹೆಡ್ಡಿಗೇ ಬಿಗಿದಿದ್ದೀರಾ? ತೋಡಿನ ಅಗಲ 60 ಮೈಕ್ರಾನ್ ಇದ್ದರೆ ಆಳ ಸುಮಾರು 30 ಮೈಕ್ರಾನ್ ಮಾತ್ರ. ಗಡುಸಾದ ಕೊಳವೆ ಹೆಡ್ಡನ್ನು ಸ್ವಲ್ಪ ಎತ್ತಿದರೂ ಆಳ ಬದಲಾಗುತ್ತದೆ.

ಪ್ರಶ್ನಿಸಿದವರು:

ಹೌದು, ಹೆಡ್ಡಿಗೇ ಬಿಗಿದಿತ್ತು. ಈಗ ನಳಿಕೆಯನ್ನು ಹೆಡ್ ಸಾಗುವ ಗಾಡಿಗೆ ಕಟ್ಟಿ, ಮೆತ್ತನೆಯ ಸಿಲಿಕೋನ್ ಕೊಳವೆಯನ್ನು ಜಾಡಿಯವರೆಗೆ ಎಳೆದಿದ್ದೇನೆ. ಹಳೆಯ ಜೋಡಣೆ ಬಿಚ್ಚಿದಾಗ ಒಳಗೆ ಎಳೆಯ ಗಟ್ಟಿ ಉಂಡೆ ಸಿಕ್ಕಿತು. ಈಗ ಒಂದು ಬದಿ ಪೂರ್ತಿ ತಡೆಯಿಲ್ಲದೆ ಕೊರೆಯುತ್ತದೆ, ರಂಧ್ರವನ್ನು ಅರ್ಧ ತೆರೆದರೆ ಸುಯ್ ಸದ್ದೂ ಇಲ್ಲ. ಇಬ್ಬರಿಗೂ ಧನ್ಯವಾದಗಳು. ಇದೇ ಏರ್ಪಾಡಿನಲ್ಲಿ ಲ್ಯಾಕರ್ ತಟ್ಟೆಯನ್ನೂ ಕೊರೆಯಬಹುದೇ?

ಉತ್ತರ 1:

ಖಂಡಿತ ಬೇಡ. ಲ್ಯಾಕರ್ ತಟ್ಟೆಯ ಲೇಪ ನೈಟ್ರೋಸೆಲ್ಯುಲೋಸ್, ಅದರ ಎಳೆ ಒಂದು ಕಿಡಿಗೆ ಭಗ್ಗೆಂದು ಉರಿಯುತ್ತದೆ. ಮನೆಬಳಕೆಯ ಕ್ಲೀನರಿನ ಮೋಟಾರಿನಲ್ಲಿ ಸಾಮಾನ್ಯವಾಗಿ ವಿದ್ಯುತ್ ಸಾಗಿಸುವ ಇಂಗಾಲದ ಬ್ರಷ್‌ಗಳಿರುತ್ತವೆ, ಅವು ಕಿಡಿ ಹಾರಿಸುತ್ತವೆ. ಜಾಡಿ ದಾಟಿದ ಒಂದು ತುಣುಕು ಅಲ್ಲಿಗೆ ತಲುಪಿದರೂ ಸಾಕು. ಲ್ಯಾಕರಿಗೆ ಕಿಡಿ ಹಾರದ ಮೋಟಾರಿನ ಪಂಪ್ ಬೇಕು. ಜಾಡಿಯಲ್ಲಿ ನೀರು ಹಾಕಿ, ಎಳೆ ಅದರೊಳಗೆ ಮುಳುಗಿಯೇ ಇರಲಿ. ನೀರಿನ ಮಟ್ಟ ಹೊರಹೋಗುವ ಕೊಳವೆಯ ಬಾಯಿಗಿಂತ ಸಾಕಷ್ಟು ಕೆಳಗಿರಬೇಕು, ಇಲ್ಲದಿದ್ದರೆ ಪಂಪ್ ನೀರು ಕುಡಿಯುತ್ತದೆ. ಕೆಲಸ ಮುಗಿದ ಮೇಲೆ ಎಳೆಯನ್ನು ಒಣಗಲು ಬಿಡಬೇಡಿ. ಒದ್ದೆಯಾಗಿಯೇ ಮುಚ್ಚಿದ ಡಬ್ಬಿಗೆ ಹಾಕಿ ಮನೆಯಿಂದ ಹೊರಗಿಡಿ, ಅಪಾಯಕಾರಿ ತ್ಯಾಜ್ಯವೆಂದೇ ವಿಲೇವಾರಿ ಮಾಡಿಸಿ.