ಈಜುವ ಮಗಳ ಮೂಳೆ ಗಟ್ಟಿಯಾಗಲು ಈಜೊಂದೇ ಸಾಕೇ?

ಪ್ರಶ್ನೆ (ಒಬ್ಬ ತಾಯಿ, ಬೆಂಗಳೂರು):
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 11 ವರ್ಷ. ನಾಲ್ಕು ವರ್ಷಗಳಿಂದ ವಾರಕ್ಕೆ ಐದು ದಿನ ತಪ್ಪದೆ ಈಜಲು ಹೋಗುತ್ತಾಳೆ. ಅದರ ಹೊರತು ಬೇರೆ ಆಟವೆಂಬುದಿಲ್ಲ. ಎರಡು ತಿಂಗಳ ಹಿಂದೆ ಮನೆಯ ಅಂಗಳದಲ್ಲಿ ಜಾರಿ ಬಿದ್ದು, ಮುಂಗೈ ಮೂಳೆ ಮಣಿಕಟ್ಟಿನ ಹತ್ತಿರ ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ತೆಗೆದ ದಿನ ವೈದ್ಯರು, ಈಜು ಬಿಡುವುದು ಬೇಡ, ಆದರೆ ಹುಡುಗಿ ನೆಲದ ಮೇಲೂ ಸ್ವಲ್ಪ ಕುಣಿದಾಡಲಿ ಎಂದರು. ನಮ್ಮ ಅತ್ತೆಯವರಿಗೆ ಇದು ಒಪ್ಪಿಗೆಯಿಲ್ಲ. ಮೈನೆರೆಯುವ ವಯಸ್ಸಿನ ಹುಡುಗಿ ಹಗ್ಗದಾಟ ಆಡಿದರೆ ಎತ್ತರ ನಿಂತುಹೋಗುತ್ತದೆ ಎಂಬುದು ಅವರ ವಾದ. ಇಷ್ಟು ವ್ಯಾಯಾಮ ಮಾಡುವ ಮಗುವಿನ ಮೂಳೆ ಬಿರುಕು ಬಿಟ್ಟದ್ದಾದರೂ ಏಕೆ ಎಂಬುದು ನನ್ನ ಚಿಂತೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಫಿಸಿಯೋಥೆರಪಿಸ್ಟ್, ಮೈಸೂರು):
ಮೊದಲು ನಿಮ್ಮ ಚಿಂತೆಯ ವಿಚಾರ. ಈ ವಯಸ್ಸಿನಲ್ಲಿ ಮುಂಗೈ ಮುರಿತ ಬಹಳ ಸಾಮಾನ್ಯ. ಮಕ್ಕಳು ಸರ್ರನೆ ಎತ್ತರವಾಗುವ ಕಾಲದಲ್ಲಿ ಮೂಳೆ ಮೊದಲು ಉದ್ದವಾಗುತ್ತದೆ, ಅದರೊಳಗೆ ಖನಿಜ ತುಂಬಿಕೊಳ್ಳುವುದು ಕೆಲವು ತಿಂಗಳು ತಡವಾಗಿ. ಗೋಡೆ ಎದ್ದಿದ್ದರೂ ಗಾರೆ ಇನ್ನೂ ಒಣಗಿಲ್ಲದಂಥ ಆ ನಡುವಿನ ಅವಧಿಯಲ್ಲಿ, ಕೈಯೂರಿ ಬಿದ್ದರೆ ಮಣಿಕಟ್ಟಿನ ಬಳಿಯೇ ಪೆಟ್ಟಾಗುತ್ತದೆ. ಒಮ್ಮೆ ಹೀಗಾದ ಮಾತ್ರಕ್ಕೆ ಮೂಳೆ ದುರ್ಬಲವೆಂದು ತಿಳಿಯಬೇಕಾಗಿಲ್ಲ. ಸಣ್ಣಪುಟ್ಟ ಪೆಟ್ಟಿಗೇ ಮತ್ತೆ ಮತ್ತೆ ಮುರಿಯುತ್ತಿದ್ದರೆ ಮಾತ್ರ ಪರೀಕ್ಷೆ ಮಾಡಿಸಬೇಕು.

ಇನ್ನು ಈಜಿನ ಮಾತು. ಮೂಳೆಯೊಳಗಿನ ಜೀವಕೋಶಗಳು ತಮ್ಮ ಮೇಲೆ ಬೀಳುವ ಭಾರವನ್ನು ಗ್ರಹಿಸಿ, ಎಲ್ಲಿ ಒತ್ತಡ ಹೆಚ್ಚೋ ಅಲ್ಲಿ ಹೊಸ ಮೂಳೆ ಕಟ್ಟಿಸುತ್ತವೆ. ನೀರಿನಲ್ಲಿ ದೇಹದ ಬಹುಪಾಲು ಭಾರವನ್ನು ನೀರೇ ಹೊರುವುದರಿಂದ, ಹೃದಯಕ್ಕೂ ಶ್ವಾಸಕೋಶಕ್ಕೂ ಸ್ನಾಯುಗಳಿಗೂ ಒಳ್ಳೆಯ ಕೆಲಸ ಸಿಕ್ಕರೂ ಮೂಳೆಗೆ ಬೇಕಾದ ಕರೆ ಸಿಗುವುದಿಲ್ಲ. ಸೈಕಲ್ ತುಳಿಯುವುದೂ ಹೆಚ್ಚುಕಡಿಮೆ ಹಾಗೆಯೇ. ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಹೋಲಿಸಿ ನೋಡಿದಾಗ ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆಯೇ ಹೆಚ್ಚು ಗಟ್ಟಿಯಾಗಿತ್ತು. ಮೈನೆರೆಯುವ ಮೊದಲೇ ಅಥವಾ ಆ ಹೊತ್ತಿಗೆ ಆಟ ಆರಂಭಿಸಿದವರಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದಾಗಿತ್ತು. ಊಟವೂ ಅದೇ, ದೇಹವೂ ಅದೇ, ಬೇರೆಯಾದದ್ದು ಪೆಟ್ಟು ಮಾತ್ರ.

ವಯಸ್ಕರ ಮೂಳೆಯಲ್ಲಿರುವ ಖನಿಜದ ಸುಮಾರು ಕಾಲುಭಾಗ, ಬೆಳವಣಿಗೆ ಅತಿ ವೇಗವಾಗಿರುವ ಎರಡು ವರ್ಷಗಳಲ್ಲೇ ಸೇರುತ್ತದೆ. ಈ ಶೇಖರಣೆ ಹುಡುಗಿಯರಲ್ಲಿ ಸುಮಾರು ಹನ್ನೆರಡೂವರೆ, ಹುಡುಗರಲ್ಲಿ ಸುಮಾರು ಹದಿನಾಲ್ಕು ವರ್ಷದ ಹೊತ್ತಿಗೆ ತುತ್ತತುದಿಗೇರುತ್ತದೆ. ಎಂದರೆ ಅತ್ತೆಯವರು ಬೇಡವೆನ್ನುತ್ತಿರುವ ವಯಸ್ಸೇ ಜಿಗಿದಾಟಕ್ಕೆ ತಕ್ಕ ವಯಸ್ಸು. ಹಗ್ಗದಾಟದಿಂದ ಎತ್ತರ ಕುಂಠಿತವಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ.

ಉತ್ತರ 2 (ದೈಹಿಕ ಶಿಕ್ಷಣ ಶಿಕ್ಷಕ, ಸರ್ಕಾರಿ ಪ್ರೌಢಶಾಲೆ, ಹಾಸನ ಜಿಲ್ಲೆ):
ಮೇಲಿನವರು ಕಾರಣ ಹೇಳಿದ್ದಾರೆ, ನಾನು ಮೈದಾನದ ಮಾತು ಹೇಳುತ್ತೇನೆ. ಇದಕ್ಕೆ ಯಾವ ತರಬೇತಿ ಕೇಂದ್ರಕ್ಕೂ ಹಣ ಕಟ್ಟಬೇಕಾಗಿಲ್ಲ. ಕುಂಟೆಬಿಲ್ಲೆಯಲ್ಲಿ ಒಂಟಿ ಕಾಲಿನ ಮೇಲೆ ಇಡೀ ದೇಹದ ಭಾರ ಬೀಳುತ್ತದೆ. ಖೋಖೋದಲ್ಲಿ ಓಟ, ತಟ್ಟನೆ ನಿಲ್ಲುವುದು, ದಿಕ್ಕು ಬದಲಿಸುವುದು ಒಂದರ ಹಿಂದೊಂದು ಬರುತ್ತವೆ. ಲಗೋರಿಯಲ್ಲಿ ಬಾಗುವುದು, ಹಾರುವುದು, ತಪ್ಪಿಸಿಕೊಳ್ಳುವುದು ಎಲ್ಲವೂ ಇದೆ. ಒಂದೇ ತಾಳದಲ್ಲಿ ಸಾಗುವ ದೀರ್ಘ ಓಟಕ್ಕಿಂತ ಇಂಥ ಅಡ್ಡಾದಿಡ್ಡಿ ಹೊಡೆತಗಳೇ ಮೂಳೆಗೆ ಹೆಚ್ಚು ಹಿತ. ಒಂದೇ ಬಗೆಯ ಪೆಟ್ಟು ಬೀಳುತ್ತಲೇ ಇದ್ದರೆ ಮೂಳೆಯ ಕೋಶಗಳು ಅದಕ್ಕೆ ಒಗ್ಗಿಹೋಗಿ ಸ್ಪಂದಿಸುವುದನ್ನು ಕಡಿಮೆ ಮಾಡುತ್ತವೆ, ಬಿಡುವು ಕೊಟ್ಟರೆ ಮತ್ತೆ ಚುರುಕಾಗುತ್ತವೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಕೆಲವು ಶಾಲೆಗಳಲ್ಲಿ ದಿನಕ್ಕೆ ಮೂರು ಬಾರಿ, ಗಂಟೆ ಬಾರಿಸಿದಾಗ ಹತ್ತು ಹತ್ತು ಜಿಗಿತಗಳನ್ನು ಮಾತ್ರ ಮಾಡಿಸಿದ್ದರು. ಎಂಟು ತಿಂಗಳ ಬಳಿಕ ಆ ಮಕ್ಕಳ ತೊಡೆಮೂಳೆಯ ಮೇಲ್ಭಾಗದಲ್ಲಿ ಖನಿಜ ಹೆಚ್ಚಿದ್ದು ಕಂಡುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯೂ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆಯನ್ನೂ, ವಾರದಲ್ಲಿ ಕನಿಷ್ಠ ಮೂರು ದಿನ ಸ್ನಾಯು ಮತ್ತು ಮೂಳೆಗೆ ಬಲ ಕೊಡುವ ಆಟವನ್ನೂ ಕೇಳುತ್ತದೆ. ನಮ್ಮಲ್ಲಿ ಪರೀಕ್ಷೆ ಹತ್ತಿರವಾದಂತೆ ಆಟದ ಪಿರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡುವುದು ವಾಡಿಕೆ. ಆ ಸಂಕಟ ಇಲ್ಲಿ ಬೇಡ.

ಉತ್ತರ 3 (ಪೋಷಕರು, ತುಮಕೂರು):
ಊಟದ ಬಗ್ಗೆ ಯಾರೂ ಹೇಳದ್ದರಿಂದ ಎರಡು ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 10ರಿಂದ 12 ವರ್ಷದವರಿಗೆ ದಿನಕ್ಕೆ 850 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಉಳಿದದ್ದಕ್ಕೆ ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು ಇವೆ. ಮುಂಜಾನೆ ಮತ್ತು ಸಂಜೆಯ ಇಳಿಬಿಸಿಲಿನಲ್ಲಿ ವಿಟಮಿನ್ ಡಿ ಅಷ್ಟಾಗಿ ಉತ್ಪತ್ತಿಯಾಗುವುದಿಲ್ಲವಾದ್ದರಿಂದ, ರಜಾ ದಿನಗಳಲ್ಲಾದರೂ ಬಿಸಿಲೇರಿದ ಮೇಲೆ ಸ್ವಲ್ಪ ಹೊತ್ತು ಹೊರಗೆ ಆಡಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಇವನ್ನೆಲ್ಲ ಅತ್ತೆಯವರಿಗೆ ಓದಿ ಹೇಳಿದೆ. ಹಗ್ಗದಾಟಕ್ಕೆ ಇನ್ನೂ ಮನಸ್ಸಿಲ್ಲ, ಕುಂಟೆಬಿಲ್ಲೆಗೆ ಅಡ್ಡಿಯಿಲ್ಲವೆಂದಿದ್ದಾರೆ! ಇನ್ನೊಂದು ಸಂದೇಹ: ಆಡುವಾಗ ಕಾಲು ನೋವೆಂದರೆ ಯಾವಾಗ ನಿಲ್ಲಿಸಬೇಕು?

ಉತ್ತರ 1 (ಮತ್ತೆ):
ಕುಂಟೆಬಿಲ್ಲೆಯೂ ಜಿಗಿತವೇ, ಅದರಿಂದಲೇ ಆರಂಭಿಸಿ. ಪ್ಲಾಸ್ಟರ್ ತೆಗೆದು ಹೆಚ್ಚು ದಿನವಾಗಿಲ್ಲದಿದ್ದರೆ, ಕೈಯೂರುವ ಮತ್ತು ಬೀಳುವ ಸಂಭವವಿರುವ ಆಟಗಳಿಗೆ ನಿಮ್ಮ ವೈದ್ಯರ ಒಪ್ಪಿಗೆ ಪಡೆಯಿರಿ. ಹಗಲು ಚೆನ್ನಾಗಿ ಆಡಿ, ರಾತ್ರಿ ಎರಡೂ ಕಾಲು ಸೆಳೆಯುತ್ತದೆಂದು ಹೇಳಿ, ಬೆಳಿಗ್ಗೆ ಎಂದಿನಂತೆ ಓಡಾಡಿದರೆ ಸಾಮಾನ್ಯವಾಗಿ ಭಯಪಡಬೇಕಾಗಿಲ್ಲ. ಮೊಣಕಾಲು ಚಿಪ್ಪಿನ ಕೆಳಗಿನ ಗುಬುಟು ಮುಟ್ಟಿದರೆ ನೋಯುತ್ತಿದ್ದರೆ, ಬೆಳೆಯುತ್ತಿರುವ ಆ ಜಾಗವನ್ನು ಸ್ನಾಯು ಎಳೆಯುತ್ತಿರಬಹುದು. ಕೆಲವು ದಿನ ಜಿಗಿತ ಕಡಿಮೆ ಮಾಡಿದರೆ ಹೆಚ್ಚಿನವರಿಗೆ ತಗ್ಗುತ್ತದೆ. ಒಂದೇ ಕಾಲಿನಲ್ಲಿ ಬಿಡದೆ ಕಾಡುವ ನೋವು, ಬಾವು, ಜ್ವರ ಅಥವಾ ಕುಂಟುವಿಕೆ ಕಂಡರೆ ಮಾತ್ರ ಕಾಯದೆ ವೈದ್ಯರಿಗೆ ತೋರಿಸಿ.