‘ಕರುಳಿನ ಬ್ಯಾಕ್ಟೀರಿಯಾದಿಂದ ಕ್ಯಾನ್ಸರ್’ ಎನ್ನಬಹುದೇ? ‘ಇಂದ’, ‘ನಂಟು’, ‘ಅಪಾಯ’, ‘ಸಂಭವ’ ಪದಗಳ ಕುರಿತು

ಮಾನ್ಯರೆ,

ಮೂಡಿಗೆರೆ ತಾಲ್ಲೂಕಿನ ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಇಡುವುದಕ್ಕೆಂದು ದೊಡ್ಡಕರುಳಿನ ಕ್ಯಾನ್ಸರ್ ಕುರಿತ ನಾಲ್ಕು ಪುಟದ ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಒಂದೇ ಒಂದು ವಾಕ್ಯ ಮೂರು ವಾರಗಳಿಂದ ನನ್ನನ್ನು ಕಾಡುತ್ತಿದೆ. ಮೊದಲ ಕರಡಿನಲ್ಲಿ ಅದು ಹೀಗಿತ್ತು: ‘ಕರುಳಿನ ಸೂಕ್ಷ್ಮಕ್ರಿಮಿಗಳಿಂದ ಕ್ಯಾನ್ಸರ್ ಬರುವ ಅಪಾಯ ಹೆಚ್ಚು.’ ಓದಲು ಸರಾಗವಾಗಿದೆ, ಪತ್ರಿಕೆಗಳಲ್ಲಿ ನಾವು ದಿನವೂ ಕಾಣುವ ಕನ್ನಡವೇ ಆಗಿದೆ. ಆದರೆ ಊರಿನ ಇಬ್ಬರಿಗೆ ಓದಿಸಿದ ಮೇಲೆ, ಇದರ ಒಂದೊಂದು ಪದವೂ ನಾನು ಹೇಳದ ಅರ್ಥವನ್ನು ಹೇಳುತ್ತಿದೆ ಎಂದು ತಿಳಿಯಿತು.

ಮೊದಲು ಓದಿದವರು ನಮ್ಮ ಚಿಕ್ಕಮ್ಮ. ಕನ್ನಡಕ ಸರಿಮಾಡಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿ, “ಹಂಗಾದ್ರೆ ಸ್ಕೂಲಲ್ಲಿ ಮಕ್ಕಳಿಗೆ ಕೊಡ್ತಾರಲ್ಲ ಹುಳದ ಮಾತ್ರೆ, ಅದನ್ನೇ ನಾವೂ ತಗೊಂಡ್ರೆ ಆಯ್ತಲ್ಲ?” ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ, ತಪ್ಪಿದ್ದುದು ನನ್ನ ಪದದಲ್ಲಿ. ಹೊಟ್ಟೆಯೊಳಗಿನ ‘ಕ್ರಿಮಿ’ ಎಂದರೆ ನಮ್ಮ ಜನರಿಗೆ ಜಂತುಹುಳವೇ. ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಆ ಹುಳವನ್ನು ಕೊಲ್ಲುತ್ತದೆಯೇ ಹೊರತು ಬ್ಯಾಕ್ಟೀರಿಯಾವನ್ನಲ್ಲ. ‘ರೋಗಾಣು’ ಎಂದು ತಿದ್ದಿದರೆ ಇನ್ನೊಂದು ತೊಡಕು ಎದುರಾಗುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಒಬ್ಬ ವ್ಯಕ್ತಿಯ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ, ಅವುಗಳಲ್ಲಿ ಬಹುಪಾಲು ದೊಡ್ಡಕರುಳಿನಲ್ಲಿಯೇ ಇವೆ. ನಾವು ತಿಂದ ಸೊಪ್ಪು, ಹುರುಳಿ, ಬಾಳೆದಿಂಡುಗಳ ನಾರನ್ನು ನಮ್ಮ ದೇಹ ತಾನಾಗಿ ಅರಗಿಸಲಾರದು. ಅದನ್ನು ಹುದುಗಿಸಿ, ಕರುಳಿನ ಒಳಪದರದ ಜೀವಕೋಶಗಳಿಗೆ ಆಹಾರವಾಗುವ ಬ್ಯುಟಿರೇಟ್ ಎಂಬ ಆಮ್ಲವನ್ನು ಒದಗಿಸುವುದು ಇವೇ. ಇವುಗಳನ್ನೆಲ್ಲ ಒಟ್ಟಾಗಿ ರೋಗಾಣು ಎನ್ನುವುದು ಅನ್ಯಾಯ.

ಕಾಫಿ ತೋಟದವರಿಗೆ ಈ ಕೆಲಸ ಕಣ್ಣಿಗೆ ಕಂಡದ್ದೇ. ಪಲ್ಪರ್‌ನಲ್ಲಿ ಸಿಪ್ಪೆ ಬಿಡಿಸಿದ ಅರೇಬಿಕಾ ಬೀಜವನ್ನು ತೊಟ್ಟಿಯಲ್ಲಿ ಒಂದು ದಿನವೋ ಅದಕ್ಕೂ ಸ್ವಲ್ಪ ಹೆಚ್ಚೋ ಬಿಡುತ್ತೇವೆ. ಮೊದಲು ಹಿಡಿಗೆ ಸಿಗದೆ ಜಾರುವ ಬೀಜ, ಲೋಳೆ ಬಿಟ್ಟ ಮೇಲೆ ಮುಷ್ಟಿಯಲ್ಲಿ ಉಜ್ಜಿದರೆ ನದಿಯ ಸಣ್ಣ ಕಲ್ಲುಗಳಂತೆ ಗರಗರ ಎನ್ನುತ್ತದೆ. ಆ ಲೋಳೆಯನ್ನು ಕರಗಿಸುವುದು ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳೇ ಆದರೂ, ತೊಟ್ಟಿಗೆ ರೋಗಾಣು ಬಿದ್ದಿದೆ ಎಂದು ಯಾರೂ ಹೇಳುವುದಿಲ್ಲ. ‘ಸೂಕ್ಷ್ಮಾಣುಜೀವಿ’ ಎಂದರೆ ಶಿಲೀಂಧ್ರ ಮೊದಲಾದವೂ ಸೇರಿಕೊಳ್ಳುತ್ತವೆ. ಹಾಗಾಗಿ ‘ಬ್ಯಾಕ್ಟೀರಿಯಾ’ ಎಂಬ ಪದವನ್ನೇ ಇಟ್ಟುಕೊಂಡಿದ್ದೇನೆ, ಅದು ಈಗ ಕನ್ನಡದ್ದೇ ಆಗಿದೆ.

‘ಕರುಳು’ ಪದದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಆದರೆ ‘ಹೊಟ್ಟೆಯ ಕ್ಯಾನ್ಸರ್’ ಎಂದು ಸಡಿಲವಾಗಿ ಬರೆಯುವುದನ್ನು ಮಾತ್ರ ಬಿಡಲೇಬೇಕು. ಜಠರದ ಕ್ಯಾನ್ಸರಿನ ಕಥೆಯೇ ಬೇರೆ. ಅಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವೆನಿಸಿದವುಗಳ ಸಾಲಿಗೆ, ಸೇರಿಸಿದೆ, ಮತ್ತು ಅದನ್ನು ಆಂಟಿಬಯೋಟಿಕ್‌ಗಳಿಂದ ತೆಗೆದುಹಾಕುವ ಚಿಕಿತ್ಸೆಯೂ ಇದೆ. ದೊಡ್ಡಕರುಳಿಗೆ ಅಂಥದೊಂದು ಸರಳ ಮದ್ದಿಲ್ಲ. ಎರಡನ್ನೂ ‘ಹೊಟ್ಟೆ’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಓದುಗರು ಔಷಧದಂಗಡಿಗೆ ಹೋಗಿ ತಾವೇ ಮಾತ್ರೆ ಕೇಳಿಯಾರು. ಹಾಗೆಯೇ, ಕ್ಯಾನ್ಸರಿಗೆ ಮೊದಲು ಕರುಳಿನ ಒಳಗೋಡೆಯಲ್ಲಿ ಮೂಡುವ ಪಾಲಿಪ್ ಎಂಬ ಸಣ್ಣ ಗಂಟನ್ನು ಒಂದು ಕಡೆ ‘ಮೊಳೆ’ ಎಂದು ಬರೆದುದನ್ನು ನೋಡಿದೆ. ಮೂಲವ್ಯಾಧಿಗೆ ಮೊಳೆರೋಗ ಎನ್ನುವ ರೂಢಿ ಇರುವಾಗ ಇದು ಬಹಳ ಕೆಡುಕಿನ ಪದ, ಏಕೆಂದರೆ ಮಲದಲ್ಲಿ ರಕ್ತ ಕಂಡರೂ ಮೂಲವ್ಯಾಧಿಯೆಂದು ಸುಮ್ಮನಾಗಿ ತಿಂಗಳುಗಟ್ಟಲೆ ಕಳೆಯುವವರು ನಮ್ಮಲ್ಲಿ ಈಗಲೇ ಬೇಕಾದಷ್ಟು ಜನರಿದ್ದಾರೆ.

ನನ್ನ ಮುಖ್ಯ ಪ್ರಶ್ನೆ ಇರುವುದು ‘ಇಂದ’ ಎಂಬ ಪ್ರತ್ಯಯದಲ್ಲಿ. ‘ಮಳೆಯಿಂದ ಬೆಳೆ ಹಾಳಾಯಿತು’ ಎಂದಾಗ ಮಳೆಯೇ ಕಾರಣವೆಂದು ಬೇರೆ ಹೇಳಬೇಕಾಗಿಲ್ಲ, ಎರಡೇ ಅಕ್ಷರದ ಪ್ರತ್ಯಯ ಆ ತೀರ್ಪನ್ನು ಕೊಟ್ಟುಬಿಡುತ್ತದೆ. ‘ಬ್ಯಾಕ್ಟೀರಿಯಾದಿಂದ ಕ್ಯಾನ್ಸರ್’ ಎಂದರೂ ಅಷ್ಟೇ. ಆದರೆ ವಿಜ್ಞಾನಿಗಳು ಎಲ್ಲ ಬ್ಯಾಕ್ಟೀರಿಯಾಗಳ ವಿಷಯದಲ್ಲಿಯೂ ಅದೇ ತೀರ್ಪನ್ನು ಕೊಟ್ಟಿಲ್ಲ. ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್ ಎಂಬುದು ಸಾಮಾನ್ಯವಾಗಿ ಬಾಯಿಯಲ್ಲಿ, ವಸಡಿನ ಆಸುಪಾಸಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾ. ಅದು ದೊಡ್ಡಕರುಳಿನ ಗಡ್ಡೆಗಳಲ್ಲಿ, ಪಕ್ಕದ ಆರೋಗ್ಯವಂತ ಅಂಗಾಂಶದಲ್ಲಿರುವುದಕ್ಕಿಂತ ಹೆಚ್ಚಾಗಿ ಇದೆಯೆಂದು ಕೆನಡಾ ಮತ್ತು ಅಮೆರಿಕದ ಎರಡು ತಂಡಗಳು 2012ರಲ್ಲಿ ಬೇರೆ ಬೇರೆಯಾಗಿ ತೋರಿಸಿದವು. ಅದು ಗಡ್ಡೆಯನ್ನು ಬೆಳೆಸಲು ಬಂದಿತೋ, ಬೆಳೆದ ಗಡ್ಡೆ ತನಗೆ ಒಗ್ಗುವ ಜಾಗವೆಂದು ನೆಲೆಸಿತೋ ಎಂಬುದು ಆ ಕಾಣುವಿಕೆಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ಇಲ್ಲಿ ‘ಇಂದ’ ಸಲ್ಲದು. ‘ಗಡ್ಡೆಯಲ್ಲಿ ಹೆಚ್ಚಾಗಿ ಕಂಡುಬರುತ್ತದೆ’ ಎಂಬಷ್ಟೇ ನೆಟ್ಟಗಿನ ಮಾತು.

ಇನ್ನೊಂದು, ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಇದರ ಬಹುಪಾಲು ಬಗೆಗಳು ನಿರುಪದ್ರವಿಗಳು, ಆದರೆ ಕೆಲವು ಬಗೆಗಳು ಮಾತ್ರ ಕೊಲಿಬ್ಯಾಕ್ಟಿನ್ ಎಂಬ ವಿಷವನ್ನು ತಯಾರಿಸುತ್ತವೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಕರುಳಿನ ಕೋಶಗಳನ್ನು ಇಂಥ ಬ್ಯಾಕ್ಟೀರಿಯಾದೊಡನೆ ತಿಂಗಳುಗಟ್ಟಲೆ ಇಟ್ಟಾಗ ಡಿಎನ್‌ಎಯಲ್ಲಿ ಒಂದು ನಿರ್ದಿಷ್ಟ ವಿನ್ಯಾಸದ ಬದಲಾವಣೆಗಳು ಉಂಟಾದುದನ್ನೂ, ಅದೇ ವಿನ್ಯಾಸ ಕೆಲವು ರೋಗಿಗಳ ಗಡ್ಡೆಗಳಲ್ಲಿ ಇರುವುದನ್ನೂ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2020ರಲ್ಲಿ ವರದಿ ಮಾಡಿದರು. 2025ರಲ್ಲಿ 11 ದೇಶಗಳ 981 ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಿದಾಗ, ಈ ವಿನ್ಯಾಸ 70 ವರ್ಷ ದಾಟಿದ ಮೇಲೆ ರೋಗ ಕಂಡವರಿಗಿಂತ 40ರೊಳಗೆ ಕಂಡವರಲ್ಲಿ 3.3 ಪಟ್ಟು ಹೆಚ್ಚಾಗಿತ್ತು. ಇಂಗ್ಲಿಷಿನಲ್ಲಿ ಇದಕ್ಕೆ ‘ಸಿಗ್ನೇಚರ್’ ಎನ್ನುತ್ತಾರೆಂದು ಕನ್ನಡದಲ್ಲಿ ‘ಸಹಿ’ ಎಂದು ಬರೆದರೆ ಅರ್ಥವೇ ಆಗುವುದಿಲ್ಲ. ನಾನು ‘ಹೆಜ್ಜೆಗುರುತು’ ಎಂದಿದ್ದೇನೆ. ಸಕಲೇಶಪುರ, ಆಲೂರಿನ ಕಡೆ ಬೆಳಗಾಗುವ ಹೊತ್ತಿಗೆ ಗದ್ದೆಯಲ್ಲಿ ಆನೆ ಇರುವುದಿಲ್ಲ, ಕೆಸರಿನಲ್ಲಿ ಅದರ ಹೆಜ್ಜೆ ಇರುತ್ತದೆ. ಇಲ್ಲಿಯೂ ಬ್ಯಾಕ್ಟೀರಿಯಾ ಹೋಗಿ ಎಷ್ಟೋ ವರ್ಷಗಳಾದ ಮೇಲೆ ಗುರುತು ಮಾತ್ರ ಉಳಿದಿರಬಹುದು. ಡಿಎನ್‌ಎಗೆ ಆದ ಈ ಹಾನಿಯ ಮಟ್ಟಿಗೆ ‘ಕೊಲಿಬ್ಯಾಕ್ಟಿನ್‌ನಿಂದ’ ಎಂದು ಧೈರ್ಯವಾಗಿ ಬರೆಯಬಹುದು, ಕ್ಯಾನ್ಸರಿನ ಮಟ್ಟಿಗೆ ಇನ್ನೂ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ತಲೆಬರಹಕ್ಕೆ ಯಾವ ಪದ? ‘ಸಂಬಂಧ’ಕ್ಕಿಂತ ‘ನಂಟು’ ನನಗೆ ಹೆಚ್ಚು ಒಪ್ಪಿಗೆಯಾಗಿದೆ. ನಂಟರೆಂದರೆ ಬಂದುಹೋಗುವವರು, ಒಂದೆಡೆ ಸೇರಿ ಕಾಣುವವರು. ಒಬ್ಬರಿಂದ ಇನ್ನೊಬ್ಬರು ಹುಟ್ಟಿರಬೇಕೆಂದೇನೂ ಇಲ್ಲ. ‘ಬ್ಯಾಕ್ಟೀರಿಯಾಕ್ಕೂ ಕ್ಯಾನ್ಸರಿಗೂ ನಂಟು’ ಎಂದಾಗ ಆ ಎರಡು ‘ಊ’ಕಾರಗಳು ಎರಡನ್ನೂ ಸಮನಾಗಿ ಹಿಡಿದು ನಿಲ್ಲಿಸುತ್ತವೆ, ಯಾವುದು ಮೊದಲು ಎಂದು ಹೇಳುವುದಿಲ್ಲ. ನಮ್ಮ ವ್ಯಾಕರಣದಲ್ಲಿಯೇ ಇಷ್ಟು ಚೊಕ್ಕವಾದ ಸಾಧನವಿರುವಾಗ ‘ಇಂದ’ವನ್ನು ಹಚ್ಚಿ ಹೆದರಿಸುವುದೇಕೆ?

ಕೊನೆಯದು ‘ಅಪಾಯ’. ಕರಡನ್ನು ಓದಿದ ಎರಡನೆಯವರು ಪಕ್ಕದ ತೋಟದ ಅಣ್ಣ. ಅವರ ತಮ್ಮನಿಗೆ ಕಳೆದ ವರ್ಷ ಇದೇ ಕಾಯಿಲೆಗೆ ಶಸ್ತ್ರಚಿಕಿತ್ಸೆಯಾಗಿದೆ. ‘ಒಡಹುಟ್ಟಿದವರಿಗೆ ಅಪಾಯ ಹೆಚ್ಚು’ ಎಂಬ ಸಾಲಿಗೆ ಬಂದಾಗ ಹಾಳೆಯನ್ನು ಮಡಿಲಿನಲ್ಲಿಟ್ಟುಕೊಂಡು, “ಅಪಾಯ ಅಂದ್ರೆ ನಾನೂ ಉಳಿಯಲ್ಲ ಅಂತಲಾ?” ಎಂದರು. ಆಸ್ಪತ್ರೆಯಲ್ಲಿ ‘ಪ್ರಾಣಾಪಾಯವಿಲ್ಲ’ ಎಂದು ಕೇಳಿಸಿಕೊಂಡವರಿಗೆ, ‘ಅಪಾಯ ಹೆಚ್ಚು’ ಎಂದರೆ ಸಾವು ಹತ್ತಿರವಿದೆ ಎಂದೇ ಅರ್ಥ. ನಾನು ಹೇಳಹೊರಟಿದ್ದು, ಇತರರಿಗಿಂತ ಅವರಿಗೆ ಆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು, ಆದುದರಿಂದ ಬೇಗ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು ಎಂಬುದನ್ನು. ಆ ಸಾಲನ್ನು ಅವರ ಎದುರೇ ಹೊಡೆದುಹಾಕಿದೆ.

ಇದಕ್ಕೆ ‘ಸಂಭವ’ ಎಂಬುದೇ ತಕ್ಕ ಪದವೆಂದು ನನಗೆ ತೋರುತ್ತದೆ. ‘ನಾಳೆ ಮಳೆ ಬರುವ ಸಂಭವವಿದೆ’ ಎಂದು ರೇಡಿಯೊದಲ್ಲಿ ಕೇಳಿದ ಬೆಳೆಗಾರ, ಮಳೆ ಬಂದೇ ಬಿಟ್ಟಿತೆಂದು ಎದೆಗುಂದುವುದಿಲ್ಲ, ಬರುವುದೇ ಇಲ್ಲವೆಂದು ಕಣದಲ್ಲಿ ಹರಡಿದ ಕಾಫಿಯನ್ನು ಹಾಗೆಯೇ ಬಿಡುವುದೂ ಇಲ್ಲ. ಸಂಖ್ಯೆಗಳ ಜೊತೆಗೂ ಈ ಪದ ಚೆನ್ನಾಗಿ ಹೊಂದುತ್ತದೆ. ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸ ತಿನ್ನುವವರಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಸುಮಾರು ಶೇ 18ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಹೇಳಿದಾಗ, ‘ಶೇ 18 ಅಪಾಯ’ ಎಂದು ಓದಿದವರು ನೂರರಲ್ಲಿ 18 ಮಂದಿಗೆ ಬರುತ್ತದೆಂದು ತಿಳಿದರು. ನೂರರಲ್ಲಿ ಐವರಿಗೆ ಬರುವ ಕಾಯಿಲೆ ಎಂದಿಟ್ಟುಕೊಂಡರೆ, ಆ ಐದು ಆರರ ಹತ್ತಿರಕ್ಕೆ ಬರುತ್ತದೆ ಎಂಬುದು ಅದರ ಅರ್ಥ. ‘ಸಂಭವ ಐದರಿಂದ ಆರಕ್ಕೆ ಏರುತ್ತದೆ’ ಎಂದು ಬರೆದರೆ ಯಾರೂ ತಪ್ಪು ತಿಳಿಯಲಾರರು.

ತೊಡಕು ಉಳಿದಿರುವುದು ಸಮಾಸದಲ್ಲಿ. ‘ರಿಸ್ಕ್ ಫ್ಯಾಕ್ಟರ್’ ಎಂಬುದಕ್ಕೆ ‘ಅಪಾಯಕಾರಿ ಅಂಶ’ ಎಂದು ರೂಢಿಯಾಗಿದೆ. ವಯಸ್ಸು, ಮನೆತನದ ಚರಿತ್ರೆ ಇವು ಅಪಾಯಕಾರಿಗಳು ಎನ್ನುವುದು ಕನ್ನಡವಾಗಿಯೇ ಕಿವಿಗೆ ಒಗ್ಗುವುದಿಲ್ಲ. ‘ಸಂಭವ ಹೆಚ್ಚಿಸುವ ಅಂಶ’ ಎಂದರೆ ಅರ್ಥ ಸರಿ, ಆದರೆ ಪ್ರತಿ ಸಾಲಿನಲ್ಲಿಯೂ ಬಂದರೆ ಭಾರವಾಗುತ್ತದೆ. ಇದಕ್ಕಿಂತ ಚಿಕ್ಕದಾದ, ಹೆದರಿಸದ ಪದ ನಿಮ್ಮ ಸೀಮೆಯ ಮಾತಿನಲ್ಲಿಯೋ ಬರಹದಲ್ಲಿಯೋ ಇದ್ದರೆ, ಬಳಸುವ ಒಂದು ವಾಕ್ಯದ ಸಮೇತ ದಯವಿಟ್ಟು ತಿಳಿಸಬೇಕು. ವಾಕ್ಯ ಈಗ ನಿಂತಿರುವುದು ಹೀಗೆ: ‘ದೊಡ್ಡಕರುಳಿನಲ್ಲಿ ವಾಸಿಸುವ ಕೆಲವು ಬಗೆಯ ಬ್ಯಾಕ್ಟೀರಿಯಾಕ್ಕೂ ಅಲ್ಲಿನ ಕ್ಯಾನ್ಸರಿಗೂ ನಂಟು ಕಂಡುಬಂದಿದೆ, ಇವು ಇದ್ದವರಲ್ಲಿ ಕಾಯಿಲೆಯ ಸಂಭವ ಹೆಚ್ಚಿರಬಹುದು.’ ಕಿರುಹೊತ್ತಗೆ ಅಚ್ಚಿಗೆ ಹೋಗಲು ಇನ್ನು ಹತ್ತು ದಿನಗಳಿವೆ. ಈ ವಾಕ್ಯದಲ್ಲಿ ತಿದ್ದಬೇಕಾದುದನ್ನು ಸಂಕೋಚವಿಲ್ಲದೆ ತಿದ್ದಿಕೊಡಿ.