ಔಟ್‌ಲೈನ್ ಅಕ್ಷರಕ್ಕೆ ‘ಟೊಳ್ಳಕ್ಷರ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ನಂದು ಡಿಟಿಪಿ ಕೆಲಸ. ಲಗ್ನಪತ್ರಿಕೆ, ಅಂಗಡಿ ಬೋರ್ಡು ಇತ್ಯಾದಿ. ಮೊನ್ನೆ ಬೆಣ್ಣೆದೋಸೆ ಹೋಟೆಲಿನ ಯಜಮಾನರೊಬ್ಬರು ಬಂದು, ‘ಹಳೇ ಕಾಲದ ಅಕ್ಷರ ಬೇಕಪ್ಪ, ಸುತ್ತ ಗೆರೆ, ಒಳಗೆ ಖಾಲಿ’ ಅಂದರು. ನಾವು ಔಟ್‌ಲೈನ್ ಅಂತೀವಲ್ಲ, ಅದು. ಕನ್ನಡದಲ್ಲಿ ಏನಂತಾರೆ ಅಂತ ಹಿರಿಯ ಪೇಂಟರೊಬ್ಬರನ್ನು ಕೇಳಿದೆ. ‘ಟೊಳ್ಳಕ್ಷರ ಅನ್ನು’ ಅಂದರು. ಟೊಳ್ಳು + ಅಕ್ಷರ, ಲೋಪಸಂಧಿ, ವ್ಯಾಕರಣದ ತಕರಾರಿಲ್ಲ. ಖುಷಿಯಿಂದ ಯಜಮಾನರ ಮುಂದೆ ಹೇಳಿದರೆ, ‘ನಮ್ಮ ಹೋಟೆಲ್ ಹೆಸರು ಟೊಳ್ಳು ಅಂತೀಯಾ?’ ಅಂದುಬಿಟ್ಟರು.

ನಿಘಂಟಿನ ‘ರೂಪರೇಖೆ’ ಸರ್ಕಾರಿ ಯೋಜನೆಗಳ ಪಾಲಾಗಿದೆ. ‘ಬಾಹ್ಯರೇಖೆ’ ಡ್ರಾಯಿಂಗ್ ಪರೀಕ್ಷೆಯ ವಾಸನೆ ಹೊಡೆಯುತ್ತೆ. ಸೀರೆಯಂಚು ನೆನಪಾಗಿ ‘ಅಂಚಕ್ಷರ’ ಅಂತ ನಾನೇ ಒಂದು ಕಟ್ಟಿದೆ. ನಮ್ಮೂರಲ್ಲಿ ಅದನ್ನು ಪಂಚಾಕ್ಷರಿ ಅಂತಲೇ ಕೇಳಿಸಿಕೊಳ್ತಾರೆ!

ನಿಜವಾದ ತೊಡಕು ಬೇರೆ. ಈ ಅಕ್ಷರಗಳು ಒಂದೇ ಜಾತಿಯವಲ್ಲ. ಸುತ್ತ ಒಂದೇ ದಪ್ಪದ ಗೆರೆಯಿದ್ದರೆ ಔಟ್‌ಲೈನ್. ತುಂಬಿದ ಅಕ್ಷರದ ಮೈಯಲ್ಲಿ ಬೈತಲೆ ತೆಗೆದ ಹಾಗೆ ಬಿಳಿ ಗೆರೆ ಓಡಿದರೆ ಇನ್‌ಲೈನ್. ಅದನ್ನು ಟೊಳ್ಳು ಅಂದರೆ ತಪ್ಪೇ ಆಗುತ್ತೆ. 1957ರಲ್ಲಿ ಮಾನೋಟೈಪ್ ಅನ್ನೋ ಅಚ್ಚಕ್ಷರದ ಕಂಪನಿಗಾಗಿ ಜಾನ್ ಪೀಟರ್ಸ್ ಬಿಡಿಸಿದ ಕ್ಯಾಸ್ಟೆಲಾರ್ ಅನ್ನೋ ಇಂಗ್ಲಿಷ್ ಫಾಂಟು ನೋಡಿ. ಬಿಳಿಯ ಒಂದು ಮಗ್ಗುಲಿಗೆ ತೆಳುಗೆರೆ, ಇನ್ನೊಂದಕ್ಕೆ ದಪ್ಪಗೆರೆ, ಕಲ್ಲಿಗೆ ಉಳಿ ಹಾಕಿದ ಹಾಗೆ ಕಾಣುತ್ತೆ. ಇದಕ್ಕೆ ‘ಕೆತ್ತಕ್ಷರ’ ಅಂದರೆ ಹೇಗೆ? ಒತ್ತಕ್ಷರದ ‘ಒತ್ತು’ ನಾಮಪದವೂ ಹೌದು, ‘ಕೆತ್ತು’ ಬರೀ ಕ್ರಿಯಾಪದ ಅಂತ ಯಾರಾದರೂ ತಡೆಯಬಹುದು. ಆದರೆ ಕಟ್ಟುಕತೆ, ಬೀಸುಕಲ್ಲು ಎಲ್ಲ ನಡೆದಿವೆಯಲ್ಲ. ಶೇಡ್ ಕೊಟ್ಟಿದ್ದಕ್ಕೆ ‘ನೆರಳಕ್ಷರ’ ಸಾಕು, ಅದರಲ್ಲಿ ಚರ್ಚೆಯಿಲ್ಲ.

ನಮ್ಮ ಲಿಪಿಗೆ ಇನ್ನೊಂದು ಫಜೀತಿ. ‘ದೋಸೆ’ಯ ‘ದೋ’ ತಗೊಳ್ಳಿ. ತುಂಡು ಜೋಡಿಸುವ ಹಳೆ ಫಾಂಟಿನಲ್ಲಿ ಏತ್ವದ ‘ದೆ’ ಒಂದು ತುಂಡು, ಕೊಂಬು ಒಂದು, ದೀರ್ಘ ಇನ್ನೊಂದು. ಔಟ್‌ಲೈನ್ ಕೊಟ್ಟ ಕೂಡಲೇ ತುಂಡುಗಳು ಒಂದರ ಮೇಲೊಂದು ಕೂತ ಕಡೆಯೆಲ್ಲ ಗೆರೆ ಅಕ್ಷರದ ಹೊಟ್ಟೆಯೊಳಗೇ ಹಾಯುತ್ತೆ. ನಾವು ಡಿಸೈನ್ ಮಾಡೋ ಕೋರೆಲ್ ಡ್ರಾ ಸಾಫ್ಟ್‌ವೇರಿನಲ್ಲಿ ಒಂದೊಂದನ್ನೂ ವೆಲ್ಡ್ ಮಾಡಬೇಕು, ಅಂದರೆ ತುಂಡುಗಳನ್ನು ಬೆಸೆದು ಒಂದೇ ಆಕಾರ ಮಾಡಬೇಕು. ಬೆಣ್ಣೆಯ ಣ ಒತ್ತಿನದೂ ಅದೇ ಕತೆ, ಮೇಲಿನ ‘ಣೆ’ಗೆ ತಾಗಿದ್ದರೆ. ಚಿಕ್ಕ ಸೈಜಿನಲ್ಲಂತೂ ಆಸೆ ಬಿಡಿ: ಒಮ್ಮೆ ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರಿಗೆ ಇದನ್ನೇ ಹಾಕಿ, ಸ್ಕ್ರೀನ್ ಪ್ರಿಂಟಿನಲ್ಲಿ ಗೋಲ್ಡ್ ಇಂಕು ಒಳಗೆಲ್ಲ ತುಂಬಿಕೊಂಡು, ಇನ್ನೂರು ಕಾರ್ಡು ನನ್ನ ಕೈಯಿಂದಲೇ ಹೋಯಿತು.

ನನ್ನ ಪ್ರಶ್ನೆಗಳು ಇಷ್ಟೇ. ಟೊಳ್ಳು ಅನ್ನೋ ಮಾತಿಗೆ ಹೀನಾರ್ಥ ನಿಮ್ಮ ಕಡೆಯೂ ಇಷ್ಟೇ ಗಟ್ಟಿಯಾಗಿದೆಯಾ? ಕೆತ್ತಕ್ಷರ ನಿಮ್ಮ ಕಿವಿಗೆ ಒಗ್ಗುತ್ತಾ? ಹೊಟ್ಟೆಯೊಳಗೆ ಹಾಯುವ ಆ ಬೇಡದ ಗೆರೆಗೆ ಬೋರ್ಡ್ ಬರೆಯುವವರಲ್ಲಿ ಹೆಸರೇನಾದರೂ ಇದೆಯಾ?

ಹೋಟೆಲಿನ ಬೋರ್ಡು ಅಮಾವಾಸ್ಯೆ ಕಳೆದ ಮೇಲೆ ಏರುತ್ತೆ. ಬಿಲ್ಲಿನಲ್ಲಿ ಸದ್ಯಕ್ಕೆ ಔಟ್‌ಲೈನ್ ಅಂತಲೇ ಬರೆದಿದ್ದೇನೆ.